ವರ್ಷಗಟ್ಟಲೆ ಚಿತ್ರ ಬರೆದು ಯಾರಿಗೂ ತೋರಿಸದವರು: ಯಾಕಿರಬಹುದು?

ಚಾಮರಾಜಪೇಟೆ_5ನೇ_ಮೇನ್

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂತಿದ್ದ ಪ್ರಶ್ನೆ ಇದು.

ನಮ್ಮ ಚಿಕ್ಕಮ್ಮ ಮೈಸೂರು ಶೈಲಿಯ ಚಿತ್ರ ಬರೆಯುತ್ತಾರೆ. ಮದುವೆಯಾಗಿ ಬೆಂಗಳೂರಿಗೆ ಬಂದ ಕಾಲದಿಂದಲೂ ಬರೆಯುತ್ತಿದ್ದಾರೆ. ಈಗ ವಯಸ್ಸು ಎಪ್ಪತ್ತು ದಾಟಿದೆ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ಹಿಂದಿನ ರೂಮಿನ ಕಿಟಕಿ ಹತ್ತಿರ ಕೂತರೆ ಸಂಜೆ ಹಾಲಿನವನು ಬರುವವರೆಗೂ ಏಳುವುದಿಲ್ಲ. ಸಫೇದ ಅನ್ನುವ ಬಿಳಿ ಪುಡಿಗೆ ಗೋಂದು ಹಾಕಿ ತಾವೇ ಗೆಸ್ಸೊ, ಅಂದರೆ ಉಬ್ಬು ಕೆಲಸದ ಲೇಪ, ಕಲಸುತ್ತಾರೆ. ಅದನ್ನು ಸಣ್ಣ ಬ್ರಷ್ಷಿನ ತುದಿಯಲ್ಲಿ ತೆಗೆದುಕೊಂಡು ಸರದ ಒಂದೊಂದು ಮಣಿಯನ್ನೂ ಉಬ್ಬಿಸುತ್ತಾರೆ. ಒಣಗಿದ ಮೇಲೆ ಚಿನ್ನದ ರೇಕು. ರೇಕು ಅಂಟಿಸುವಾಗ ಫ್ಯಾನ್ ಆಫ್, ಯಾರೂ ಮಾತಾಡಬಾರದು. ಮೈಸೂರು ಚಿತ್ರದಲ್ಲಿ ಉಬ್ಬು ತುಂಬ ಕಡಿಮೆ ಇರಬೇಕಲ್ವಾ, ಅವರ ಕೈಯಲ್ಲಿ ಅದು ಬೆರಳಿಗೆ ಮಾತ್ರ ಗೊತ್ತಾಗುವಷ್ಟು ತೆಳ್ಳಗಿರುತ್ತದೆ.

ಮುಗಿದ ಚಿತ್ರವನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಡುತ್ತಾರೆ. ಗೋಡೆಗೆ ಒಂದೂ ಹಾಕಿಲ್ಲ. ನೆಂಟರಿಗೆ ಕೊಟ್ಟಿಲ್ಲ. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ ಎಲ್ಲಾ ಮಳಿಗೆ ನೋಡಿಕೊಂಡು ಬರುತ್ತಾರೆ. ತಮ್ಮದನ್ನು ಇಡೋಣ ಅಂದರೆ ಮಾತು ಬದಲಾಯಿಸುತ್ತಾರೆ.

ಜನ ಯಾಕೆ ಹೀಗೆ ಮಾಡುತ್ತಾರೆ? ಭಯವಾ, ಸಂಕೋಚವಾ, ಇನ್ನೇನಾದರೂ ಇದೆಯಾ? ನಿಮ್ಮಲ್ಲಿ ಯಾರಾದರೂ ಹೀಗೆ ಇದ್ದರೆ ದಯವಿಟ್ಟು ಹೇಳಿ. ಅವರನ್ನು ಬಲವಂತ ಮಾಡುವ ಆಸೆ ನನಗಿಲ್ಲ. ಅರ್ಥ ಮಾಡಿಕೊಳ್ಳಬೇಕು ಅಷ್ಟೇ.

ಹಳೇ_ಟೈಪ್‌ರೈಟರ್

ಒಳ್ಳೇ ಪ್ರಶ್ನೆ ಎತ್ತಿದ್ದೀರಿ. ನಮ್ಮಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಮುದ್ದಣ.

ನಿಜವಾದ ಹೆಸರು ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ರಾಮಾಶ್ವಮೇಧ ಬರೆದರು, ಆದರೆ ನಾನು ಬರೆದೆ ಅಂತ ಹೇಳಿಕೊಳ್ಳಲಿಲ್ಲ. ಯಾವುದೋ ಹಳೇ ಕವಿಯ ಕೃತಿ ಅನ್ನುವ ಹಾಗೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ವಿದ್ವಾಂಸರೂ ಹಳೆಯದೇ ಅಂದುಕೊಂಡರು. 1901ರಲ್ಲಿ ಕ್ಷಯ ಬಂದು ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೊಂದು. ಬರೆದವರು ಅವರೇ ಅಂತ ಕನ್ನಡಿಗರಿಗೆ ಗಟ್ಟಿಯಾಗಿ ಗೊತ್ತಾಗಿದ್ದು ಅವರು ಹೋದ ಮೇಲೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಮುದ್ದಣ ಕೃತಿಯನ್ನು ಬಚ್ಚಿಡಲಿಲ್ಲ. ಅದು ಅಚ್ಚಾಗಬೇಕು, ಜನ ಓದಬೇಕು ಅನ್ನುವ ಆಸೆ ಅವರಿಗಿತ್ತು. ಬಚ್ಚಿಟ್ಟಿದ್ದು ತಮ್ಮನ್ನು. ಒಬ್ಬ ಡ್ರಿಲ್ ಮೇಷ್ಟ್ರು ಹಳಗನ್ನಡದಲ್ಲಿ ಬರೆದ ಅಂದರೆ ಯಾರು ಓದುತ್ತಿದ್ದರು ಹೇಳಿ? ಹೆಸರು ಪಕ್ಕಕ್ಕಿಟ್ಟ ಮೇಲೇ ಬರಹಕ್ಕೆ ನ್ಯಾಯ ಸಿಕ್ಕಿದ್ದು. ಚಿಕ್ಕಮ್ಮನವರದು ಇದಕ್ಕಿಂತ ಬೇರೆ ಥರ ಕಾಣುತ್ತದೆ. ಆದರೆ ‘ಬಚ್ಚಿಡುವುದು’ ಅಂತ ನಾವು ಒಂದೇ ಮಾತಲ್ಲಿ ಹೇಳುವುದರ ಒಳಗೆ ತುಂಬ ಬೇರೆ ಬೇರೆ ವಿಷಯಗಳಿವೆ.

ನೆಗೆಟಿವ್_ಡಬ್ಬಿ

ನಾನು ಫಿಲ್ಮ್ ಕ್ಯಾಮೆರಾದವನು, ಹಾಗಾಗಿ ವಿವಿಯನ್ ಮೇಯರ್ ಹೆಸರು ಹೇಳದೆ ಇರಲಾರೆ. ಅಮೆರಿಕದ ಶಿಕಾಗೋದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಕತ್ತಿಗೆ ಕ್ಯಾಮೆರಾ ಹಾಕಿಕೊಂಡು ಬೀದಿ ಬೀದಿ ಸುತ್ತಿ ತೆಗೆದದ್ದು ಒಂದು ಲಕ್ಷಕ್ಕೂ ಹೆಚ್ಚು ಫೋಟೋ. ಗೋದಾಮಿನ ಬಾಡಿಗೆ ಕಟ್ಟಲಾಗದೆ ಸಾಮಾನು 2007ರಲ್ಲಿ ಹರಾಜಾಯಿತು. ಕೊಂಡವರು ಪೆಟ್ಟಿಗೆ ತೆಗೆದಾಗ ಈ ನಿಧಿ ಸಿಕ್ಕಿತು. ಅವರು ತೀರಿಕೊಂಡಿದ್ದು 2009ರಲ್ಲಿ. ಅಂದರೆ ಬದುಕಿದ್ದಾಗಲೇ ಅವರ ಕೆಲಸ ಯಾರ್ಯಾರದೋ ಕೈ ಸೇರಿತ್ತು.

ನನ್ನನ್ನು ಕಾಡುವುದು ಇನ್ನೊಂದು. ಸಾವಿರಕ್ಕೂ ಹೆಚ್ಚು ರೋಲುಗಳನ್ನು ಅವರು ಡೆವಲಪ್ ಕೂಡ ಮಾಡಿಸಿರಲಿಲ್ಲ. ಬೇರೆಯವರಿಗೆ ತೋರಿಸುವುದು ಹಾಗಿರಲಿ, ತಮ್ಮ ಚಿತ್ರ ತಾವೇ ನೋಡಿರಲಿಲ್ಲ. ದುಡ್ಡಿನ ತೊಂದರೆ ಇದ್ದಿರಲೇಬೇಕು, ಲ್ಯಾಬಿನ ಖರ್ಚು ಆಗಲೂ ಸಣ್ಣದಲ್ಲ. ಆದರೆ ಕ್ಯಾಮೆರಾ ಹಿಡಿದು ನಡೆಯುವವರಿಗೆ ಇದು ಅಷ್ಟು ವಿಚಿತ್ರ ಅನಿಸುವುದಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಇಳಿಸುವ ಹೊತ್ತಿಗೆ ನಿಂತು ನೋಡಿ. ಸೇವಂತಿಗೆ ರಾಶಿಯ ಹಿಂದಿನಿಂದ ಬಲ್ಬಿನ ಬೆಳಕು ಒಂದು ಮುಖದ ಮೇಲೆ ಬೀಳುತ್ತದೆ, ನೀವು ಗುಂಡಿ ಒತ್ತುತ್ತೀರಿ. ಆ ಕ್ಷಣ ನೀವು ಆ ಮುಖವನ್ನು ಪೂರ್ತಿ ನೋಡಿಯಾಗಿರುತ್ತದೆ. ಪ್ರಿಂಟ್ ಬರುವುದು ಆಮೇಲಿನ ಮಾತು. ಕೆಲವರಿಗೆ ಆ ನೋಟವೇ ಸಾಕು.

ಮಲ್ಲಿಗೆ_ಮೊಗ್ಗು

ದಯವಿಟ್ಟು ಒಂದು ವಿಷಯ ಮರೆಯಬೇಡಿ. ಇಷ್ಟಪಟ್ಟು ಒಳಗಿಟ್ಟುಕೊಳ್ಳುವುದು ಬೇರೆ, ಹೊರಗೆ ತರಲು ದಾರಿಯೇ ಇಲ್ಲದಿರುವುದು ಬೇರೆ. ಎರಡನ್ನೂ ‘ಎಂಥಾ ಏಕಾಂತ, ಎಂಥಾ ಸಾಧನೆ’ ಅಂತ ಹೊಗಳಿದರೆ ನನಗೆ ತುಂಬ ಬೇಜಾರಾಗುತ್ತದೆ.

ನಮ್ಮ ಅತ್ತೆ ಹಾಡು ಕಟ್ಟುತ್ತಿದ್ದರು. ಹಸೆಗೆ ಕರೆಯುವ ಹಾಡು, ಮಗು ತೂಗುವ ಹಾಡು, ಕೆಲವು ತುಂಬ ಸಿಟ್ಟಿನ ಹಾಡು ಕೂಡ. ಎಲ್ಲಿ ಬರೆದಿಡುತ್ತಿದ್ದರು ಗೊತ್ತಾ? ಹಾಲಿನ ಲೆಕ್ಕದ ಪುಸ್ತಕದಲ್ಲಿ. ಮುಂದಿನಿಂದ ಹಾಲಿನ ಲೆಕ್ಕ: ಅರ್ಧ ಲೀಟರು, ಒಂದು ಲೀಟರು, ‘ಇವತ್ತು ಇಲ್ಲ’. ಪುಸ್ತಕ ತಲೆಕೆಳಗು ಮಾಡಿ ಹಿಂದಿನಿಂದ ತೆಗೆದರೆ ಹಾಡು. ಮನೆಯ ಗಂಡಸರು ಯಾರೂ ಹಾಲಿನ ಲೆಕ್ಕ ತೆರೆದು ನೋಡುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಆ ಸಿಟ್ಟಿನ ಹಾಡುಗಳ ಪಕ್ಕ ಪೆನ್ಸಿಲಿನಲ್ಲಿ ಸುಮ್ನೆ ಒಂದು ರಂಗೋಲಿ ಚುಕ್ಕಿ ಇಟ್ಟಿರುತ್ತಿದ್ದರು, ಗುರುತಿಗೆ.

ಇದನ್ನು ‘ಖಾಸಗಿ’ ಅನ್ನಬಹುದು. ಆದರೆ ಆ ಖಾಸಗಿತನವನ್ನು ಅವರು ಆರಿಸಿಕೊಳ್ಳಲಿಲ್ಲ. ಮನೆಯವರೇ ಅವರನ್ನು ಆ ಮೂಲೆಗೆ ತಳ್ಳಿದ್ದರು. ಎಂ.ಕೆ. ಇಂದಿರಾ ಅವರಿಗೆ ಹನ್ನೆರಡಕ್ಕೆ ಮದುವೆ. ಮೊದಲ ಕಾದಂಬರಿ ತುಂಗಭದ್ರಾ ಬಂದಿದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಆಮೇಲೆ ಒಂದರ ಹಿಂದೆ ಒಂದು ಬರೆದರು. ಅಷ್ಟು ವರ್ಷ ಒಳಗೇ ಇದ್ದದ್ದು ಹೊರಗೆ ಬಂತು. ಬರದೇ ಉಳಿದ ಎಷ್ಟು ಜನರಿದ್ದಾರೋ, ಲೆಕ್ಕ ಇಟ್ಟವರು ಯಾರು?

ಚಿಕ್ಕಮ್ಮನವರನ್ನು ಯಾರಾದರೂ ಯಾವತ್ತಾದರೂ ‘ಇದೆಲ್ಲಾ ಯಾಕೆ’ ಅಂದಿದ್ದರಾ, ಅದನ್ನು ಮೊದಲು ವಿಚಾರಿಸಿ.

ಚಾಮರಾಜಪೇಟೆ_5ನೇ_ಮೇನ್

ಮೇಡಂ, ಒಳ್ಳೇ ಮಾತು. ಚಿಕ್ಕಪ್ಪ ಬದುಕಿದ್ದಾಗ ಬಣ್ಣ, ರೇಕು ಎಲ್ಲಾ ಅವರೇ ತಂದುಕೊಡುತ್ತಿದ್ದರು. ಅವಿನ್ಯೂ ರಸ್ತೆ ಕಡೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ತಡೆದವರು ಯಾರೂ ಇಲ್ಲ ಅಂತ ನನಗೆ ಕಾಣುತ್ತದೆ. ಆದರೂ ಕೇಳುತ್ತೇನೆ.

ವೀಣೆ_ತಂತಿ

ಸಂಗೀತದವರ ಕಡೆಯಿಂದ ಒಂದು ಮಾತು.

ನಮ್ಮಲ್ಲಿ ‘ಇನ್ನೂ ಹೊರಗೆ ನುಡಿಸಬೇಡ’ ಅನ್ನುವುದು ಪಾಠದ ಒಂದು ಭಾಗ. ನಮ್ಮ ಗುರುಗಳು ನನ್ನನ್ನು ವರ್ಷಗಟ್ಟಲೆ ವೇದಿಕೆಗೆ ಬಿಡಲಿಲ್ಲ. ಮನೆಗೆ ಬಂದವರು ‘ಎಲ್ಲಿ, ಒಂದು ಕೀರ್ತನೆ ನುಡಿಸಮ್ಮ’ ಅಂದರೂ ಒಪ್ಪುತ್ತಿರಲಿಲ್ಲ. ಆಗ ನನಗೆ ಅಳು ಬರುತ್ತಿತ್ತು. ಈಗ ನಾನೇ ಪಾಠ ಹೇಳುತ್ತೇನೆ, ಕಾರಣ ಕಣ್ಣಿಗೆ ಕಾಣುತ್ತಿದೆ. ಒಂದು ಸಲ ಚಪ್ಪಾಳೆ ಬಿತ್ತು ಅಂದರೆ ಹುಡುಗರು ಆ ಚಪ್ಪಾಳೆ ಬಿದ್ದ ಜಾಗವನ್ನೇ ಮತ್ತೆ ಮತ್ತೆ ನುಡಿಸುತ್ತಾರೆ. ಸ್ವರ ತೂಗಿಸುವ ಗಮಕ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಇನ್ನೂ ಬೆಳೆಯಬೇಕಾದ ತೋಡಿ ರಾಗ ಅಷ್ಟಕ್ಕೇ ನಿಲ್ಲುತ್ತದೆ.

ಅನ್ನಪೂರ್ಣಾ ದೇವಿಯವರ ಹೆಸರು ಕೇಳಿರುತ್ತೀರಿ. ಸಿತಾರಿನ ಥರದ, ದಪ್ಪ ದನಿಯ ಸುರ್‌ಬಹಾರ್ ವಾದ್ಯ ನುಡಿಸುತ್ತಿದ್ದರು. 1950ರ ದಶಕದಲ್ಲೇ ಸಾರ್ವಜನಿಕ ಕಛೇರಿ ನಿಲ್ಲಿಸಿಬಿಟ್ಟರು. 2018ರಲ್ಲಿ ತೀರಿಕೊಳ್ಳುವವರೆಗೆ ಮುಂಬೈಯ ಮನೆಯೊಳಗೇ ಪಾಠ ಹೇಳಿದರು. ಕೊಳಲಿನ ಹರಿಪ್ರಸಾದ್ ಚೌರಾಸಿಯಾ, ಸಿತಾರಿನ ನಿಖಿಲ್ ಬ್ಯಾನರ್ಜಿ ಅಂಥವರು ಅವರ ಹತ್ತಿರ ಕಲಿತವರು. ಅವರು ಯಾಕೆ ನಿಲ್ಲಿಸಿದರು ಅಂತ ಜನ ನೂರು ಕಥೆ ಹೇಳುತ್ತಾರೆ, ಅದರಲ್ಲಿ ಕೈಹಾಕುವುದು ನನಗೆ ಇಷ್ಟವಿಲ್ಲ. ನನಗೆ ಮುಖ್ಯ ಅನಿಸುವುದು ಇಷ್ಟು: ಕೇಳುಗರನ್ನು ಬಿಟ್ಟರು, ಸಂಗೀತ ಬಿಡಲಿಲ್ಲ. ಕೇಳುವವರಿಲ್ಲದಿದ್ದರೆ ಕಲೆ ಸಾಯುತ್ತದೆ ಅನ್ನುವವರು ಅವರ ಶಿಷ್ಯರ ಕೊಳಲು, ಸಿತಾರ್ ಕೇಳಲಿ.

ಚಿತ್ರಗಾರರಿಗೆ ಒಂದು ಅನುಕೂಲ ಇದೆ, ಚಿತ್ರ ಉಳಿಯುತ್ತದೆ. ನಾದ ನುಡಿಸಿದ ಕ್ಷಣಕ್ಕೇ ಹೋಯಿತು. ಇನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಐದಕ್ಕೆ ಸಾಧನೆಗೆ ಕೂತರೆ ಗೋಡೆಯಾಚೆಯವರು ಕೇಳಿಯೇ ಕೇಳುತ್ತಾರೆ. ನಮಗೆ ಏಕಾಂತ ಬೇಕೆಂದರೂ ಸಿಗುವುದು ಕಷ್ಟ!

ಮಹದೇವಪುರ_ಶಟಲ್

ನನ್ನದು ದೊಡ್ಡ ಕಲೆ ಏನಲ್ಲ. ಐಟಿ ಕೆಲಸ. ಕಂಪನಿ ಬಸ್ಸಿನಲ್ಲಿ ಹೋಗಿಬರುವಾಗ ಫೋನಿನಲ್ಲೇ ಹಾಡಿಗೆ ರಾಗ ಹಾಕುತ್ತೇನೆ. ರಿಂಗ್ ರೋಡಿನಲ್ಲಿ ಟ್ರಾಫಿಕ್ ನಿಂತಷ್ಟೂ ನನಗೆ ಒಳ್ಳೆಯದು. ಯಾರಿಗೂ ಕೇಳಿಸಿಲ್ಲ.

ಕಾರಣ ಹೇಳುತ್ತೇನೆ. ದಿನಪೂರ್ತಿ ನಾನು ಮಾಡಿದ ಕೆಲಸವನ್ನು ಯಾರಾದರೂ ಅಳೆಯುತ್ತಲೇ ಇರುತ್ತಾರೆ. ಬೆಳಗಿನ ಮೀಟಿಂಗಿನಲ್ಲಿ ನಿನ್ನೆ ಏನು ಮಾಡಿದೆ, ಮೂರು ತಿಂಗಳಿಗೊಮ್ಮೆ ರಿವ್ಯೂ, ವರ್ಷಕ್ಕೊಮ್ಮೆ ರೇಟಿಂಗ್. ಹಾಡು ಹಾಕಿದ ಮರುಕ್ಷಣ ಅಲ್ಲೂ ಲೈಕು, ವ್ಯೂ, ಎಷ್ಟು ಸೆಕೆಂಡ್ ಕೇಳಿದರು ಅನ್ನುವ ಲೆಕ್ಕ ಶುರುವಾಗುತ್ತದೆ. ಅಳತೆಗೆ ಸಿಗದ ಒಂದು ಜಾಗವಾದರೂ ನನಗೆ ಬೇಕು. ಭಯ ಅಂತ ಕರೆಯಬೇಡಿ ದಯವಿಟ್ಟು. ಅಲ್ಲಿ ನನಗೆ ನಿಜವಾಗಿ ನೆಮ್ಮದಿ ಇದೆ.

ಇನ್ನೊಂದು ಪ್ರಶ್ನೆ, ಕಾನೂನು ಗೊತ್ತಿರುವವರು ಹೇಳಿ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ನಾನು ಮಾಡುವುದೆಲ್ಲಾ ಕಂಪನಿಗೆ ಸೇರಿದ್ದು ಅನ್ನುವ ಥರದ ಸಾಲು ಇದೆ. ಹಾಡೂ ಸೇರುತ್ತದಾ?

ಕಪ್ಪು_ಕೋಟು

@ಮಹದೇವಪುರ_ಶಟಲ್, ಆ ಸಾಲಿನ ಪೂರ್ತಿ ಮಾತು ಓದದೆ ಖಚಿತವಾಗಿ ಹೇಳಲಾಗದು. ಒಬ್ಬ ವಕೀಲರಿಗೆ ಕಾಗದ ತೋರಿಸಿ. ಸಾಮಾನ್ಯವಾಗಿ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ನೋಡುವುದು ಆ ಕೃತಿ ನೌಕರಿಯ ಕೆಲಸದ ಭಾಗವಾಗಿ ಹುಟ್ಟಿದ್ದಾ ಅಂತ. ನಿಮ್ಮ ನೌಕರಿ ಹಾಡು ಕಟ್ಟುವುದಲ್ಲ. ಆದರೆ ಒಪ್ಪಂದದ ಮಾತಿಗೆ ತೂಕ ಇರುತ್ತದೆ. ಆಫೀಸಿನ ಲ್ಯಾಪ್‌ಟಾಪ್ ಅಂತೂ ಬಳಸಬೇಡಿ.

ಕದ್ದುಬಿಡುತ್ತಾರೆ ಅನ್ನುವ ಹೆದರಿಕೆಯಿಂದ ಒಳಗಿಟ್ಟುಕೊಂಡವರನ್ನು ನಾನು ತುಂಬ ನೋಡಿದ್ದೇನೆ. ಅವರಿಗಾಗಿ ಕೆಲವು ಮಾತು. ಕೃತಿ ಹುಟ್ಟಿದ ಕ್ಷಣದಿಂದಲೇ ಹಕ್ಕು ನಿಮ್ಮದು. ಪ್ರಕಟಿಸಲೇಬೇಕು ಅಂತಿಲ್ಲ, ನೋಂದಣಿ ಕಡ್ಡಾಯ ಅಲ್ಲ. ಬೇಕಿದ್ದರೆ ಪ್ರಕಟವಾಗದ ಕೃತಿಯನ್ನೂ ನೋಂದಾಯಿಸಬಹುದು. ಬದುಕಿದ್ದಾಗ ಪ್ರಕಟವಾದ ಚಿತ್ರ, ಬರಹ, ಸಂಗೀತಕ್ಕೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ರಕ್ಷಣೆ ಇದೆ.

ಪ್ರಶ್ನೆ ಕೇಳಿದವರಿಗೆ ಬೇಕಾಗುವ ವಿಷಯ ಇದು: ಚಿತ್ರದ ಹಲಗೆ ಯಾರ ಮನೆಯಲ್ಲಿದೆ ಅನ್ನುವುದೂ, ಅದರ ಹಕ್ಕು ಯಾರದು ಅನ್ನುವುದೂ ಎರಡು ಬೇರೆ ಸಂಗತಿ. ಆದರೆ ಬದುಕಿದ್ದಾಗ ಪ್ರಕಟವಾಗದ ಚಿತ್ರವನ್ನು ಉಯಿಲಿನಲ್ಲಿ ಒಬ್ಬರಿಗೆ ಬಿಟ್ಟುಕೊಟ್ಟರೆ, ಉಯಿಲಿನಲ್ಲಿ ಬೇರೆ ಇಚ್ಛೆ ಕಾಣದಿದ್ದಲ್ಲಿ, ಹಕ್ಕುಸ್ವಾಮ್ಯವೂ ಅವರಿಗೇ ಹೋಗುತ್ತದೆ. ಹಾಗಾಗಿ ‘ತೋರಿಸಬೇಡಿ’ ಅಥವಾ ‘ನಾನು ಹೋದ ಮೇಲೆ ತೋರಿಸಿ’ ಅನ್ನುವ ಆಸೆ ಇದ್ದರೆ ಅದನ್ನು ಕಾಗದದಲ್ಲಿ ಬರೆಯಿಸುವುದು ಒಳ್ಳೆಯದು. ಬಾಯಿಮಾತು ಉಳಿಯುವುದಿಲ್ಲ. ಲೇಖಕ ಕಾಫ್ಕಾ ತನ್ನ ಹಸ್ತಪ್ರತಿ ಸುಟ್ಟುಬಿಡು ಅಂತ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದೇ ಇಟ್ಟಿದ್ದ. ಆದರೂ ಗೆಳೆಯ ಅಚ್ಚು ಹಾಕಿಸಿದ.

ಹಳೇ_ಟೈಪ್‌ರೈಟರ್

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ವಿಷಯವೂ ಹಾಗೇ. 1886ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿ ಲವಿನಿಯಾ ಅಕ್ಕನ ಮಾತಿನ ಪ್ರಕಾರ ಕಾಗದ ಪತ್ರಗಳನ್ನು ಸುಟ್ಟಳು. ಕವಿತೆಗಳು ಸಿಕ್ಕಾಗ ಸುಡಲು ಕೈ ಬರಲಿಲ್ಲ. ಸುಮಾರು 1800 ಕವಿತೆ. ಬದುಕಿದ್ದಾಗ ಅಚ್ಚಾಗಿದ್ದು ಹತ್ತರ ಆಸುಪಾಸು. ಆದರೆ ಆ ಹಾಳೆಗಳು ಚೆಲ್ಲಾಪಿಲ್ಲಿ ಇರಲಿಲ್ಲ. ಶುದ್ಧಪ್ರತಿ ಮಾಡಿ, ಮಡಚಿ, ಸೂಜಿ ದಾರದಲ್ಲಿ ಹೊಲಿದು ನಲವತ್ತು ಪುಟ್ಟ ಪುಸ್ತಕ ಮಾಡಿಟ್ಟಿದ್ದಳು. ಬೇಡದ ವಸ್ತುವನ್ನು ಯಾರಾದರೂ ಹೊಲಿದು ಇಡುತ್ತಾರಾ? ಅಲ್ಲಿ ಒಂದು ಕಾಯುವಿಕೆ ಇತ್ತು ಅಂತ ನನ್ನ ನಂಬಿಕೆ.

ಅದಕ್ಕೇ ಕೇಳುತ್ತೇನೆ. ಚಿಕ್ಕಮ್ಮನವರ ಚಿತ್ರಗಳನ್ನು ನೀವು ಬಿಚ್ಚಿ ನೋಡಿದ್ದೀರಾ? ಸಹಿ ಇದೆಯಾ? ತಾರೀಖು ಇದೆಯಾ? ಹಿಂದೆ ಏನಾದರೂ ಬರೆದಿದ್ದಾರಾ?

ಕಡ್ಲೇಕಾಯ್_ಪರಿಷೆ

ಹಿಲ್ಮಾ ಆಫ್ ಕ್ಲಿಂಟ್ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ. ಸ್ವೀಡನ್ನಿನ ಚಿತ್ರಗಾರ್ತಿ. 1906ರಿಂದಲೇ ಆಳೆತ್ತರಕ್ಕಿಂತ ದೊಡ್ಡ ಅಮೂರ್ತ ಚಿತ್ರ ಬರೆದವರು. ಅಂಥದ್ದನ್ನು ಆಗ ಬರೆಯುವವರೇ ತೀರಾ ಅಪರೂಪ. ಈ ಕಾಲದ ಜನಕ್ಕೆ ಇದು ಅರ್ಥವಾಗುವುದಿಲ್ಲ, ನಾನು ಸತ್ತು ಇಪ್ಪತ್ತು ವರ್ಷ ಆಗುವವರೆಗೂ ತೋರಿಸಬೇಡಿ ಅಂತ ಹೇಳಿ 1944ರಲ್ಲಿ ತೀರಿಕೊಂಡರು. 1970ರಲ್ಲಿ ಸ್ಟಾಕ್‌ಹೋಮಿನ ಮ್ಯೂಸಿಯಂಗೆ ಪುಕ್ಕಟೆ ಕೊಡುತ್ತೇವೆ ಅಂದರೂ ಅವರು ತೆಗೆದುಕೊಳ್ಳಲಿಲ್ಲ. 2018ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಇಟ್ಟಾಗ ನೋಡಲು ಬಂದವರು ಆರು ಲಕ್ಷಕ್ಕೂ ಜಾಸ್ತಿ.

ಇದು ಸಂಕೋಚ ಅಲ್ಲ. ತನ್ನ ಕೆಲಸದ ಬೆಲೆ ಆಕೆಗೆ ಚೆನ್ನಾಗಿ ಗೊತ್ತಿತ್ತು. ನಂಬಿಕೆ ಇಲ್ಲದ್ದು ನೋಡುವವರ ಕಣ್ಣಿನ ಮೇಲೆ.

ಇನ್ನು ಚಂಡೀಗಢದ ನೇಕ್ ಚಂದ್ ಅವರದು ಪೂರ್ತಿ ಬೇರೆ. ಸರ್ಕಾರಿ ರಸ್ತೆ ಇನ್ಸ್‌ಪೆಕ್ಟರ್. ಕಾಡಿನ ಜಾಗದಲ್ಲಿ, ಕಟ್ಟಡ ಕಟ್ಟಬಾರದು ಅನ್ನುವ ಕಡೆ, ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲು ತಂದು ಶಿಲ್ಪ ನಿಲ್ಲಿಸಿದರು. 1950ರ ದಶಕದ ಕೊನೆಯಿಂದ ವರ್ಷಾನುಗಟ್ಟಲೆ ಗುಟ್ಟಾಗಿ ನಡೆಯಿತು. ಗೊತ್ತಾದರೆ ಕೆಡವುತ್ತಾರೆ, ಕೆಲಸವೂ ಹೋಗುತ್ತದೆ. ಕೊನೆಗೆ ಅಧಿಕಾರಿಗಳ ಕಣ್ಣಿಗೆ ಬಿತ್ತು. ಕೆಡವದೆ 1976ರಲ್ಲಿ ಜನರಿಗೆ ತೆರೆದರು, ಅದೇ ಇವತ್ತಿನ ರಾಕ್ ಗಾರ್ಡನ್. ಒಳಗೆ ನಡೆದಾಡಿ ಬಂದಿದ್ದೇನೆ. ಬಳೆ ಚೂರಿನ ಸೀರೆ ಉಟ್ಟ ಸಾಲು ಸಾಲು ಗೊಂಬೆಗಳ ಮುಂದೆ ನಿಂತಾಗ, ಯಾರೂ ನೋಡದಿದ್ದರೂ ಈ ಮನುಷ್ಯ ಇದನ್ನೇ ಮಾಡುತ್ತಿದ್ದ ಅನಿಸಿ ಕಣ್ಣು ತುಂಬಿತು.

ಮಲ್ಲಿಗೆ_ಮೊಗ್ಗು

ಕೆ. ವೆಂಕಟಪ್ಪನವರನ್ನೂ ನೆನೆಯಬೇಕು, ನಮ್ಮೂರಲ್ಲೇ ಇದ್ದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯ, ಮೈಸೂರು ಅರಮನೆಯ ಕಲಾವಿದ, ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು. ಕೊನೆಯ ವರ್ಷಗಳಲ್ಲಿ ಇದೇ ಬೆಂಗಳೂರಿನಲ್ಲಿ ಜನರಿಂದ ದೂರ ಇದ್ದು 1965ರಲ್ಲಿ ತೀರಿಕೊಂಡರು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಬಂದಿದ್ದು ಆಮೇಲೆ. ಅವರ ಊಟಿಯ ಜಲವರ್ಣದಲ್ಲಿ ಮಂಜು ಬೆಟ್ಟದಿಂದ ಇಳಿಯುವುದನ್ನು ನೋಡಿದರೆ, ಒಬ್ಬರೇ ತುಂಬ ಹೊತ್ತು ಅಲ್ಲಿ ಕೂತು ನೋಡಿದ್ದಾರೆ ಅಂತ ತಿಳಿಯುತ್ತದೆ.

ಚಾಮರಾಜಪೇಟೆ_5ನೇ_ಮೇನ್

ಎಲ್ಲರಿಗೂ ಧನ್ಯವಾದ. @ಹಳೇ_ಟೈಪ್‌ರೈಟರ್ ಅವರ ಪ್ರಶ್ನೆ ಓದಿ ಚಿಕ್ಕಮ್ಮನ ಹತ್ತಿರ ಹೋಗಿದ್ದೆ. ‘ಒಂದೆರಡು ಬಿಚ್ಚಿ ನೋಡಲಾ’ ಅಂದೆ. ‘ಕೈ ತೊಳೆದುಕೊಂಡು ಬಾ’ ಅಂದರು.

ಹಿಂದೆ ಬರೆದಿದ್ದಾರೆ. ಎಲ್ಲದರ ಹಿಂದೆಯೂ. ಪೆನ್ಸಿಲಿನಲ್ಲಿ ತಿಂಗಳು, ವರ್ಷ, ಕೆಳಗೆ ಒಂದೋ ಎರಡೋ ಸಾಲು. ಸರಸ್ವತಿಯ ಹಿಂದೆ ‘ಬಲಗೈ ಬೆರಳು ಉದ್ದವಾಯಿತು. ವೀಣೆ ಹಿಡಿದ ಹಾಗೆ ಇಲ್ಲ, ಮುಟ್ಟಿದ ಹಾಗೆ ಇದೆ’ ಅಂತ. ಒಂದು ಕೃಷ್ಣನ ಹಿಂದೆ ‘ಗೋಂದು ಜಾಸ್ತಿ, ಮಳೆಗಾಲ, ಒಣಗಲಿಲ್ಲ’. ಗಜಲಕ್ಷ್ಮಿಯ ಹಿಂದೆ ‘ಎಡ ಆನೆ ಸರಿ. ಬಲ ಆನೆಗೆ ಮನಸ್ಸಿರಲಿಲ್ಲ’. ಸಹಿ ಎಲ್ಲೂ ಇಲ್ಲ. ವರ್ಷದ ಪ್ರಕಾರ ಜೋಡಿಸಿ ನೋಡಿದರೆ ಅದೇ ಸರಸ್ವತಿಯನ್ನು ಮತ್ತೆ ಮತ್ತೆ ಬರೆದಿದ್ದಾರೆ, ಪ್ರತಿ ಸಲ ಹಿಂದಿನ ಚಿತ್ರದಲ್ಲಿ ಬರೆದಿಟ್ಟ ತಪ್ಪು ತಿದ್ದಿಕೊಂಡು. ಇತ್ತೀಚಿನದರಲ್ಲಿ ಬೆರಳು ತಂತಿಯ ಮೇಲೆ ಕೂತಿರುವ ರೀತಿ ನೋಡಿ ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ನೇರವಾಗಿ ಕೇಳಿದೆ. ಯಾರಾದರೂ ಬೇಡ ಅಂದಿದ್ದರಾ ಅಂತ. ಇಲ್ಲ ಅಂದರು. ಹಾಗಾದರೆ ಯಾಕೆ ತೋರಿಸಲ್ಲ ಅಂದದ್ದಕ್ಕೆ ಹೇಳಿದ ಮಾತು ಹಾಗೇ ಬರೆಯುತ್ತೇನೆ: ‘ತೋರಿಸಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ ಕಣೋ. ಚೆನ್ನಾಗಿದೆ ಅಂದ ಮೇಲೆ ನನಗೆ ತಪ್ಪು ಕಾಣೋದು ನಿಂತುಹೋಗುತ್ತೆ. ಆಮೇಲೆ ಮುಂದಿನದು ಯಾಕೆ ಬರೀಲಿ?’

ಇಷ್ಟು ದಿನ ಯಾರಾದರೂ ಚೆನ್ನಾಗಿಲ್ಲ ಅಂದುಬಿಟ್ಟರೆ ಅನ್ನುವ ಹೆದರಿಕೆ ಇರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಹೊಗಳಿಕೆಯಿಂದ ತಮ್ಮ ಕಣ್ಣನ್ನು ಕಾಪಾಡಿಕೊಳ್ಳುತ್ತಿದ್ದಾರೆ ಅಂತ ಯಾರಿಗೂ ಹೊಳೆದಿರಲಿಲ್ಲ.

ವೀಣೆ_ತಂತಿ

ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಇದನ್ನೇ ನಮ್ಮ ಗುರುಗಳು ನನಗೆ ಹೇಳಲು ಹೆಣಗಿದ್ದು. ‘ವೀಣೆ ಹಿಡಿದ ಹಾಗೆ ಇಲ್ಲ, ಮುಟ್ಟಿದ ಹಾಗೆ ಇದೆ’ ಅನ್ನುವುದನ್ನು ನಾಳೆಯಿಂದ ಪಾಠದಲ್ಲಿ ಹೇಳುತ್ತೇನೆ. ನಮ್ಮ ಹುಡುಗರ ಎಡಗೈಗೂ ಅದು ಬೇಕು.

ಮಹದೇವಪುರ_ಶಟಲ್

ಚಿಕ್ಕಮ್ಮನವರ ಮಾತು ಓದಿ ಬಸ್ಸಿನಲ್ಲೇ ಸುಮ್ನೆ ಕೂತುಬಿಟ್ಟೆ. ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ಕಾಣುತ್ತಿದೆ. ಅವರು ಚಿತ್ರದ ಹಿಂದೆ ತಪ್ಪು ಬರೆದಿಡುತ್ತಾರೆ. ಒಳಗಿಟ್ಟರೂ ತಮ್ಮನ್ನು ತಾವು ಬಿಡದೆ ವಿಚಾರಿಸಿಕೊಳ್ಳುತ್ತಾರೆ. ನಾನು ಹಾಡು ಮುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ, ಹಿಂದಿರುಗಿ ಕೇಳುವುದೇ ಇಲ್ಲ. ಒಳಗಿಡುವುದರಲ್ಲೂ ದುಡಿಯುವವರಿದ್ದಾರೆ, ಆರಾಮಾಗಿರುವವರಿದ್ದಾರೆ. ನಾನು ಇಲ್ಲಿಯವರೆಗೆ ಆರಾಮಿನ ಕಡೆ ಇದ್ದವನು. ಅದರಲ್ಲೂ ತಪ್ಪಿಲ್ಲ ಅಂತಲೇ ಅನಿಸುತ್ತದೆ, ಆದರೆ ಎರಡೂ ಒಂದೇ ಅಲ್ಲ.

ಮಲ್ಲಿಗೆ_ಮೊಗ್ಗು

ಕೇಳಿದ್ದಕ್ಕೆ ಖುಷಿಯಾಯಿತು. ನಮ್ಮ ಅತ್ತೆಯನ್ನು ಯಾರೂ ಕೇಳಲಿಲ್ಲ, ಅವರು ಹೋದ ಮೇಲೆ ಪುಸ್ತಕ ಸಿಕ್ಕಿತು. ಚುಕ್ಕಿ ಇಟ್ಟ ಹಾಡುಗಳನ್ನು ಅಚ್ಚು ಹಾಕಿಸಬೇಕಾ ಬೇಡವಾ ಅಂತ ಮನೆಯಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಚಿಕ್ಕಮ್ಮನವರು ಇದ್ದಾರೆ. ಮುಂದೆ ಏನು ಮಾಡಬೇಕು ಅನ್ನುವುದನ್ನೂ ಅವರನ್ನೇ ಕೇಳಿ ತಿಳಿದುಕೊಳ್ಳಿ.

ಚಾಮರಾಜಪೇಟೆ_5ನೇ_ಮೇನ್

ಕೇಳಿದೆ ಮೇಡಂ. ಚಿತ್ರಸಂತೆ ಬೇಡವೇ ಬೇಡ ಅಂದರು. ನಾನು ಹೋದ ಮೇಲೆ ನಿಮ್ಮಿಷ್ಟ, ಆದರೆ ಬಿಡಿಬಿಡಿಯಾಗಿ ಮಾರಬೇಡಿ, ಸರಸ್ವತಿಗಳೆಲ್ಲಾ ಒಟ್ಟಿಗೇ ಇರಲಿ ಅಂದರು. ಅದನ್ನು ಉಯಿಲಿನಲ್ಲಿ ಸೇರಿಸಲು ಒಪ್ಪಿದ್ದಾರೆ. ಗೆದ್ದಲಿನ ಭಯಕ್ಕೆ ಎಲ್ಲದರ ಫೋಟೋ ತೆಗೆದಿಡಲೂ ಒಪ್ಪಿದರು, ಮನೆಯಿಂದ ಹೊರಗೆ ಹೋಗಬಾರದು ಅನ್ನುವ ಷರತ್ತಿನ ಮೇಲೆ. @ನೆಗೆಟಿವ್_ಡಬ್ಬಿ ಸರ್, ಫೋನಿನಲ್ಲಿ ತೆಗೆದರೆ ರೇಕು ಹೊಳೆದು ಮುಖವೇ ಕಾಣುತ್ತಿಲ್ಲ. ಏನು ಮಾಡಲಿ?

ನೆಗೆಟಿವ್_ಡಬ್ಬಿ

ಫ್ಲಾಶ್ ಬೇಡವೇ ಬೇಡ. ಬಿಸಿಲು ನೇರವಾಗಿ ಬೀಳದ ಕಿಟಕಿ ಹತ್ತಿರ ಚಿತ್ರವನ್ನು ಗೋಡೆಗೆ ಒರಗಿಸಿ, ಬೆಳಕು ಒಂದು ಪಕ್ಕದಿಂದ ಬರಲಿ. ಕಿಟಕಿಗೆ ತೆಳ್ಳಗಿನ ಬಿಳಿ ಪಂಚೆ ಕಟ್ಟಿದರೆ ಹೊಳಪು ಅರ್ಧ ಕಡಿಮೆಯಾಗುತ್ತದೆ. ರೂಮಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಚಿತ್ರದ ನಡುವಿಗೆ ನೇರವಾಗಿ ಇಡಿ. ನೀವು ಕಪ್ಪು ಅಂಗಿ ಹಾಕಿಕೊಳ್ಳಿ, ಬಿಳಿ ಅಂಗಿ ರೇಕಿನಲ್ಲಿ ಕಾಣುತ್ತದೆ. ಆಮೇಲೆ ಪಕ್ಕದಿಂದ ಬೆಳಕು ತೀರಾ ಓರೆಯಾಗಿ ಬೀಳುವ ಹಾಗೆ ಇನ್ನೊಂದು ಫೋಟೋ ತೆಗೆಯಿರಿ, ಗೆಸ್ಸೊ ಉಬ್ಬು ಅದರಲ್ಲೇ ಗೊತ್ತಾಗುವುದು. ಪ್ರತಿ ಚಿತ್ರದ ಹಿಂಬದಿಯನ್ನೂ ತೆಗೆಯಿರಿ. ಪೆನ್ಸಿಲ್ ಬರಹ ಉಜ್ಜಿದರೆ ಅಳಿಸಿಹೋಗುತ್ತದೆ, ಅದನ್ನೇ ಮೊದಲು ಮುಗಿಸಿ. ಎರಡು ಕಡೆ ಕಾಪಿ ಇಡಿ. ಹಳೇ ಸೀರೆಯಲ್ಲೇ ಸುತ್ತಿಡುವುದು ಒಳ್ಳೆಯದು, ಪ್ಲಾಸ್ಟಿಕ್ ಕವರ್ ಮಾತ್ರ ಹಾಕಬೇಡಿ, ಒಳಗೆ ಬೆವರುತ್ತದೆ.